ಕಂಬಾಲಪಲ್ಲಿಯ ಸಾಕ್ಷಿಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಕಂಬಾಲಪಲ್ಲಿ ಕೇಸಿನ ಖುಲಾಸೆಯ ಮಾತು ಬಂದಾಗ ಸ್ವಲ್ಪ ಜೋರಾಗಿಯೇ ಮಾತಾಡಿಬಿಟ್ಟೆ. ಆಮೇಲೆ ಬೇಜಾರಾಯಿತು. "ಜನ ಬೀದಿಗಿಳಿದು ಕೂಗಿದರೆ ಜಡ್ಜ್ ತೀರ್ಪು ಬದಲಿಸಬೇಕೇನೋ? ಹಾಗಾದರೆ ಕೋರ್ಟ್ ಯಾಕೆ ಬೇಕು?" ಅಂತ ಕೇಳಿದೆ ನೀನು, ವಕೀಲನಲ್ವಾ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿ ಕೂತಿದೆ. ಬರೆದರೆ ನನಗೇ ತಿಳಿಯಾಗಬಹುದು ಅನ್ನಿಸಿತು.

ನಿನಗೆ ನೆನಪಿದೆಯಲ್ವಾ, 2000ದ ಮಾರ್ಚ್. ನಾವಿಬ್ಬರೂ ಪಿಯುಸಿ ಪರೀಕ್ಷೆಗೆ ಓದುತ್ತಿದ್ದೆವು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಮನೆಯೊಳಗೆ ಇದ್ದವರನ್ನು, ಹೊರಗೆ ಬರದ ಹಾಗೆ ಮಾಡಿ. ಆಗಿನ್ನೂ ಅದು ಕೋಲಾರ ಜಿಲ್ಲೆಗೇ ಸೇರಿತ್ತು. ಕೈವಾರ, ಮುರುಗಮಲ್ಲ ಅಂತ ನಾವು ಹೋಗಿ ಬರುತ್ತಿದ್ದ ತಾಲ್ಲೂಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುವ ನಮ್ಮದೇ ಜನ. ಅದಕ್ಕೇ ಆ ಸುದ್ದಿ ಎಲ್ಲೋ ದೂರದ್ದು ಅನ್ನಿಸಲಿಲ್ಲ. ಮಂತ್ರಿಗಳ ಕಾರುಗಳು ಬಂದವು, ಪರಿಹಾರದ ಮಾತು ಬಂತು, ಇಡೀ ರಾಜ್ಯ ಮಾತಾಡಿತು. ಆಮೇಲೆ ನಾವು ಪರೀಕ್ಷೆ ಬರೆದೆವು, ಬೆಂಗಳೂರಿಗೆ ಬಂದೆವು, ಕೆಲಸ ಹುಡುಕಿದೆವು. ಕೇಸ್ ಮಾತ್ರ ಕೋಲಾರದ ಕೋರ್ಟಿನಲ್ಲಿ ನಡೆಯುತ್ತಲೇ ಇತ್ತು.

2006ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಎಲ್ಲ ಆರೋಪಿಗಳೂ ಖುಲಾಸೆ.

ಆ ದಿನ ನಾನು ಊರಿನಲ್ಲಿದ್ದೆ. ಸುದ್ದಿ ಕೇಳಿದ ಅಮ್ಮ ಒಂದೇ ಮಾತು ಕೇಳಿದಳು: "ಹಾಗಾದ್ರೆ ಅವರನ್ನ ಸುಟ್ಟೋರು ಯಾರಪ್ಪಾ?" ಅಮ್ಮನಿಗೆ ಕಾನೂನು ಗೊತ್ತಿಲ್ಲ. ಆದರೆ ದಲಿತ ಸಂಘಟನೆಗಳು ಬೀದಿಗಿಳಿದು ಕೇಳಿದ್ದೂ ಇದನ್ನೇ. ನೀನು ಅದನ್ನು ಕೂಗಾಟ ಅಂತ ಕರೆದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಏಳು ಹೆಣ ಎಲ್ಲರ ಕಣ್ಣ ಮುಂದೆ ಇತ್ತು. ಕೊಂದವರು ಯಾರು ಅಂತ ಹೇಳುವವರು ಮಾತ್ರ ಕೋರ್ಟಿನಲ್ಲಿ ಯಾರೂ ಉಳಿಯಲಿಲ್ಲ. ಆ ಸಿಟ್ಟನ್ನು ಜನ ಇನ್ನೆಲ್ಲಿ ಇಡಬೇಕಿತ್ತು?

ನಿನ್ನ ಮಾತಿನಲ್ಲಿ ಒಂದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಟಕಟೆಯಲ್ಲಿ ನಿಂತ ಸಾಕ್ಷಿ "ನಾನು ನೋಡಿಲ್ಲ, ಇವರು ಯಾರೂ ನನಗೆ ಗೊತ್ತಿಲ್ಲ" ಅಂದರೆ ಜಡ್ಜ್ ಏನು ಮಾಡಬೇಕು? ಊರಿಗೆಲ್ಲ ಗೊತ್ತು ಅಂತ ಶಿಕ್ಷೆ ಕೊಡಲು ಆಗುವುದಿಲ್ಲ. ಕೊಡಬಾರದು ಕೂಡ. ಇವತ್ತು ಹಾಗೆ ಕೊಟ್ಟರೆ, ನಾಳೆ ಅದೇ ದಾರಿಯಲ್ಲಿ ಮೊದಲು ಜೈಲಿಗೆ ಹೋಗುವವರು ಬಡವರೇ. ಇದನ್ನು ನೀನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೀಯ. ನನಗೆ ಈಗ ಅರ್ಥವಾಗಿದೆ.

ಆದರೆ ಕಂಬಾಲಪಲ್ಲಿಯಲ್ಲಿ ತಿರುಗಿಬಿದ್ದ ಸಾಕ್ಷಿಗಳು ಯಾರು? ಕಣ್ಣಾರೆ ಕಂಡವರು. ತಮ್ಮ ಮನೆಯವರನ್ನೇ ಆ ಬೆಂಕಿಯಲ್ಲಿ ಕಳೆದುಕೊಂಡವರು. ಅಂಥವರು ಕೋರ್ಟಿನಲ್ಲಿ ಗುರುತು ಹಿಡಿಯಲಿಲ್ಲ ಅಂದರೆ, ಮರೆತುಹೋಯಿತು ಅಂತ ನಂಬಲು ನನ್ನಿಂದ ಆಗುವುದಿಲ್ಲ. ಬೆಂಕಿ ಬಿದ್ದ ರಾತ್ರಿಗೂ ತೀರ್ಪಿಗೂ ನಡುವೆ ಆರು ವರ್ಷ ಮೇಲಾಗಿತ್ತು. ಹಳ್ಳಿಯ ಲೆಕ್ಕ ನಿನಗೂ ಗೊತ್ತು, ನನಗೂ ಗೊತ್ತು. ಕೂಲಿ ಯಾರ ಹೊಲದಲ್ಲಿ ಸಿಗಬೇಕು, ಸಾಲ ಯಾರ ಹತ್ತಿರ ಕೇಳಬೇಕು, ದನ ಯಾರ ಬದುವಿನ ಮೇಲೆ ಹಾದು ಹೋಗಬೇಕು, ಸಂಜೆ ಕೊನೆಯ ಬಸ್ಸಿಳಿದು ಮನೆಗೆ ಯಾವ ದಾರಿಯಲ್ಲಿ ನಡೆಯಬೇಕು. ಒಂದು ದಿನ ಕೋರ್ಟಿನಲ್ಲಿ ಧೈರ್ಯ ಮಾಡಿ ಹೇಳಿಬಿಡಬಹುದು. ಮಾರನೆಯ ದಿನದಿಂದ ಉಳಿದ ಬದುಕೆಲ್ಲ ಅದೇ ದಾರಿಯಲ್ಲಿ ನಡೆಯಬೇಕಲ್ವಾ? ಆ ಆರು ವರ್ಷ ಅವರ ಪಕ್ಕದಲ್ಲಿ ಯಾರಿದ್ದರು? ನಾನಂತೂ ಇರಲಿಲ್ಲ.

ಈಗ ದೆಹಲಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನೀನು ಅದನ್ನೇ ಎತ್ತಿದೆ. ಜೆಸ್ಸಿಕಾ ಲಾಲ್ ಕೇಸ್. 1999ರ ಏಪ್ರಿಲ್ ಕೊನೆಯಲ್ಲಿ, ಮೆಹ್ರೌಲಿಯ ಒಂದು ರೆಸ್ಟೋರೆಂಟಿನಲ್ಲಿ, ಮದ್ಯ ಕೊಡಲು ಒಪ್ಪದ ಹೆಣ್ಣುಮಗಳನ್ನು ಗುಂಡಿಟ್ಟು ಕೊಂದದ್ದು. ಆರೋಪಿ ಮನು ಶರ್ಮಾ ದೊಡ್ಡ ರಾಜಕಾರಣಿಯ ಮಗ. ಅಲ್ಲೂ ಸಾಕ್ಷಿಗಳು ಒಬ್ಬರಾದ ಮೇಲೆ ಒಬ್ಬರು ಮಾತು ಬದಲಿಸಿದರು. 2006ರ ಫೆಬ್ರವರಿ 21ರಂದು ಒಂಬತ್ತು ಆರೋಪಿಗಳೂ ಬಿಡುಗಡೆಯಾದರು. ಆಮೇಲೆ ಇಂಡಿಯಾ ಗೇಟ್ ಮುಂದೆ ಮೇಣದ ಬತ್ತಿ, ಟೀವಿ ಚಾನೆಲ್ಲಿಗೆ ಲಕ್ಷಗಟ್ಟಲೆ ಎಸ್ಸೆಮ್ಮೆಸ್, ದೇಶವೆಲ್ಲ ಅದೇ ಮಾತು. ಪೊಲೀಸರು ಮೇಲ್ಮನವಿ ಹಾಕಿದರು. ಅದೇ ವರ್ಷ ಡಿಸೆಂಬರ್ 18ಕ್ಕೆ ದೆಹಲಿ ಹೈಕೋರ್ಟ್ ಮನು ಶರ್ಮಾ ತಪ್ಪಿತಸ್ಥ ಅಂದಿತು. ಜೀವಾವಧಿ ಶಿಕ್ಷೆಯಾಯಿತು. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

"ನೋಡು, ಜನರ ಒತ್ತಡಕ್ಕೆ ಕೋರ್ಟ್ ಬಗ್ಗಿತು" ಅಂದೆ ನೀನು. ನಾನು ಹಾಗೆ ಓದುವುದಿಲ್ಲ ಕಣೋ. ಆ ರೆಸ್ಟೋರೆಂಟಿನ ಒಡತಿ ಬೀನಾ ರಮಣಿ ತನ್ನ ಹೇಳಿಕೆಯಿಂದ ಹಿಂದೆ ಸರಿಯಲಿಲ್ಲ. ಹೈಕೋರ್ಟ್ ನೆಚ್ಚಿಕೊಂಡದ್ದು ಅಂಥವರ ಮಾತನ್ನು. ಜನರ ಸಿಟ್ಟು ಮಾಡಿದ್ದು ಇಷ್ಟೇ: ಕಡತ ಬೇಗ ಮೇಲೆ ಬರುವ ಹಾಗೆ ನೋಡಿಕೊಂಡಿತು. ಇದ್ದ ಸಾಕ್ಷ್ಯವನ್ನೇ ಇನ್ನೊಂದು ಪೀಠ ಹೊಸ ಕಣ್ಣಿನಿಂದ ನೋಡಿತು. ಜನ ಕೇಳಬೇಕಾದ್ದೂ ಅಷ್ಟನ್ನೇ.

ಆ ಡಿಸೆಂಬರ್ ನನ್ನನ್ನು ಇನ್ನೂ ಕಾಡುತ್ತದೆ. ದೆಹಲಿಯಲ್ಲಿ ಒಂದು ಖುಲಾಸೆ ಹತ್ತು ತಿಂಗಳಲ್ಲಿ ಶಿಕ್ಷೆಯಾಗಿ ಬದಲಾದ ತಿಂಗಳಲ್ಲೇ, ಕೋಲಾರದಲ್ಲಿ ಏಳು ಜನರ ಕೊಲೆಯ ಕೇಸಿನಲ್ಲಿ ಎಲ್ಲರೂ ಖುಲಾಸೆಯಾದರು. ಬೆಂಗಳೂರಿನ ನನ್ನ ಆಫೀಸಿನಲ್ಲಿ ಜೆಸ್ಸಿಕಾ ಬಗ್ಗೆ ಎಲ್ಲರಿಗೂ ಗೊತ್ತಿತ್ತು. ಕಂಬಾಲಪಲ್ಲಿ ಎಲ್ಲಿದೆ ಅಂತ ಕೇಳಿದರು. ಜೆಸ್ಸಿಕಾಗೆ ಸಿಕ್ಕ ನ್ಯಾಯ ಜಾಸ್ತಿಯಾಯಿತು ಅಂತ ನಾನು ಹೇಳುತ್ತಿಲ್ಲ. ಅವಳ ತಂಗಿ ಸಬ್ರೀನಾ ವರ್ಷಗಟ್ಟಲೆ ಓಡಾಡಿ ಪಡೆದ ನ್ಯಾಯ ಅದು. ಆದರೆ ರೆಸ್ಟೋರೆಂಟಿನ ಒಡತಿ ಗಟ್ಟಿಯಾಗಿ ನಿಲ್ಲಬಹುದಾದ ಜಾಗದಲ್ಲಿ ಕೂಲಿಯ ಹೆಂಗಸು ನಿಲ್ಲುವುದು ಎಷ್ಟು ಕಷ್ಟ ಅಂತ ಆ ಮೇಣದ ಬತ್ತಿಗಳ ಬೆಳಕಿನಲ್ಲಿ ಯಾರಿಗೂ ಕಾಣಲಿಲ್ಲ.

ಕಂಬಾಲಪಲ್ಲಿಯ ಮೇಲ್ಮನವಿ ಹೈಕೋರ್ಟಿನಲ್ಲಿ ಮುಗಿಯಲು 2014ರ ಆಗಸ್ಟ್ ಬಂತು. ಖುಲಾಸೆಯನ್ನೇ ಎತ್ತಿಹಿಡಿದರು. ಅಷ್ಟು ಹೊತ್ತಿಗೆ ಹದಿನಾಲ್ಕು ವರ್ಷ. ಆ ಸಲ ನನಗೆ ಸಿಟ್ಟೂ ಬರಲಿಲ್ಲ, ಸುಮ್ನೆ ಪೇಪರ್ ಮಡಚಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಾನೂನು ಆಮೇಲೆ ಬದಲಾಗಿದೆ ಅಂತ ನೀನೇ ಹೇಳಿಕೊಟ್ಟೆ. ಕೋಲಾರದ ತೀರ್ಪು ಬಂದಾಗ ನೊಂದವರು ತಾವೇ ಮೇಲ್ಮನವಿ ಹಾಕುವ ಹಕ್ಕು ಇರಲಿಲ್ಲ. ಸರ್ಕಾರದ ಕಡೆಯೇ ನೋಡಬೇಕಿತ್ತು. ಆ ಹಕ್ಕು ಬಂದದ್ದು 2009ರ ಕೊನೆಯ ದಿನ. ದಲಿತರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಲ್ಲಿ ತಿದ್ದುಪಡಿ ಜಾರಿಯಾಗಿ, ಸಾಕ್ಷಿಗಳ ರಕ್ಷಣೆ, ಓಡಾಟದ ಖರ್ಚು ಎಲ್ಲ ಸರ್ಕಾರದ ಹೊಣೆ ಆಯಿತು. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಸಾಕ್ಷಿ ರಕ್ಷಣೆಯ ಯೋಜನೆಯನ್ನು ಒಪ್ಪಿತು. ಅಂದರೆ ಪೊಲೀಸ್ ಕಾವಲು ಕೇಳಬಹುದು, ಬೇರೆ ಕಡೆ ಮನೆ ಕೇಳಬಹುದು, ಆರೋಪಿಯ ಮುಖ ನೋಡದ ಹಾಗೆ ಸಾಕ್ಷಿ ಹೇಳಬಹುದು. ಇವೆಲ್ಲ 2000ದಲ್ಲಿ ಇದ್ದಿದ್ದರೆ ಅನ್ನಿಸುತ್ತದೆ. ಆದರೆ ಈಗಲೂ, ಕೇಳಿ ಅಂತ ಹೇಳಿಕೊಡುವವರು ಊರಿನಲ್ಲಿ ಒಬ್ಬರಾದರೂ ಬೇಕು. ಅರ್ಜಿ ಬರೆದುಕೊಡುವವರು ಬೇಕು.

ಅದಕ್ಕೇ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ತೀರ್ಪು ಬಂದ ಸಂಜೆ ಜನ ಬೀದಿಗೆ ಬಂದದ್ದು ತಪ್ಪಲ್ಲ. ನಾವು ಬರುವುದು ತಡವಾಯಿತು, ಅದು ತಪ್ಪು. ಸಾಕ್ಷಿ ಹೇಳುವ ದಿನ ಆ ಕೋರ್ಟಿನ ಹಿಂದಿನ ಬೆಂಚುಗಳಲ್ಲಿ ಯಾರು ಕೂತಿದ್ದರು ಅಂತ ಯೋಚಿಸು. ಆರೋಪಿಗಳ ಕಡೆಯವರು ಎಲ್ಲ ಕೇಸಿನಲ್ಲೂ ಬಂದು ಕೂರುತ್ತಾರೆ, ನೀನೇ ಹೇಳಿದ್ದೆ. ಸಾಕ್ಷಿಯ ಕಡೆಗೆ ಒಬ್ಬರೂ ಇರುವುದಿಲ್ಲ ಅಂತಲೂ ಹೇಳಿದ್ದೆ.

ಮುಂದಿನ ತಿಂಗಳು ನಿನ್ನ ಕೇಸಿನಲ್ಲಿ ಆ ತಾಯಿ ಸಾಕ್ಷಿ ಹೇಳುವ ದಿನ ಇದೆ ಅಂದೆಯಲ್ಲ, ತಾರೀಖು ತಿಳಿಸು. ಅವರ ಹೆಸರು, ಊರು ನನಗೆ ಬೇಡ. ರಜೆ ಹಾಕಿ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಅಮ್ಮನೂ ಬರುತ್ತೇನೆ ಅನ್ನುತ್ತಿದ್ದಾಳೆ. ಏನೂ ಮಾತಾಡುವುದಿಲ್ಲ, ಹಿಂದಿನ ಬೆಂಚಿನಲ್ಲಿ ಕೂತಿರುತ್ತೇವೆ. ಆ ತಾಯಿ ಹೊರಗೆ ಬಂದಾಗ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆಯುತ್ತೇವೆ.

ನಿನ್ನ,
ಗೆಳೆಯ