ಮಗಳಿಗೊಂದು ಪತ್ರ: ವಾಸನೆ ಹೋಗಿಲ್ಲವ್ವ, ಮೂಗು ಸೋತಿದೆ

ರಾಯಚೂರು, ಭಾನುವಾರ ರಾತ್ರಿ

ಮಗಳೆ,

"ಅಪ್ಪಾಜಿ, ಥಿನ್ನರ್ ವಾಸನಿ ಈಗ ಹತ್ತಂಗಿಲ್ಲ, ರೂಢಿ ಆಗೇದ" ಅಂದೆ ನಿನ್ನೆ. ನಾನು ದನಿ ಏರಿಸಿದೆ, ನೀನು ಫೋನಿಟ್ಟೆ. ಬೈದದ್ದು ತಪ್ಪು. ಬಳ್ಳಾರಿಯಲ್ಲಿ ನಾಲ್ಕು ಬಣ್ಣದ ಆಫ್‌ಸೆಟ್ ಮಷೀನು ನಡೆಸುತ್ತೀ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

ಆದರೆ ವಾಸನೆ ಹೋಗಿಲ್ಲವ್ವ. ಇಂಕು ಒರೆಸುವ ಥಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟಾಲ್ಯೂಯಿನ್ ಎಂಬ ರಾಸಾಯನಿಕದ ಆವಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಮೂಗು ಸುಮ್ಮನಾಗುತ್ತದೆ, ಆವಿ ಮಾತ್ರ ರಕ್ತಕ್ಕೆ, ಮಿದುಳಿಗೆ ಸೇರುತ್ತಲೇ ಇರುತ್ತದೆ. ರಜೆ ಕಳೆದು ಬಾಗಿಲು ತೆಗೆದ ಕ್ಷಣ ಮೂಗಿಗೆ ಬಡಿಯುವುದೇ ಆ ಕೋಣೆಯ ನಿಜವಾದ ಗಾಳಿ. ನಾಳೆ ಬೆಳಿಗ್ಗೆ ಅದನ್ನು ಗಮನಿಸು. ಭಾನುವಾರ ಇಲ್ಲದ ತಲೆನೋವು ಸೋಮವಾರ ಸಂಜೆ ಬಂದರೆ ಬಳ್ಳಾರಿಯ ಬಿಸಿಲನ್ನು ದೂರಬೇಡ.

ಬಿಸಿಲಿಗೆಂದು ಬಾಗಿಲು ಮುಚ್ಚಿ ಎಸಿ ಹಾಕುತ್ತೀರಲ್ಲ, ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ. ಎಕ್ಸಾಸ್ಟ್ ಫ್ಯಾನು ಮಷೀನಿನ ಹತ್ತಿರವೇ, ಆವಿ ನಿನ್ನ ಮುಖ ದಾಟದೆ ಆಚೆಗೆ ಹೋಗುವಂತೆ ಇರಬೇಕು. ಎದುರಿಗೆ ಹೊಸ ಗಾಳಿ ಬರಲು ಕಿಟಕಿ ಬೇಕು. ಇಂಕನ್ನು ಕಾಗದಕ್ಕೆ ದಾಟಿಸುವ ಆ ರಬ್ಬರ್ ಹಾಳೆ, ಬ್ಲಾಂಕೆಟ್, ಒರೆಸಿದ ಬಟ್ಟೆಯನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕು. ಮಷೀನಿನ ಮೇಲೆ ಬಿಟ್ಟರೆ ಅದು ಒಣಗುವವರೆಗೂ ನೀನು ಉಸಿರಾಡಬೇಕು.

ಬಟ್ಟೆ ಮಾಸ್ಕು ಧೂಳಿಗಷ್ಟೇ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕು ಬೇಕು. ವಾಸನೆ ಬಂದಾಗ ಬದಲಿಸೋಣ ಎಂದು ಕಾಯಬೇಡ, ಸೋತ ಮೂಗು ಏನು ಹೇಳೀತು? ತಾರೀಖು ಬರೆದಿಟ್ಟು ಬದಲಿಸು. ನೈಟ್ರೈಲ್ ಗ್ಲೌಸ್ ಸೀಮೆಎಣ್ಣೆಗೆ ತಡೆಯುತ್ತದೆ. ಟಾಲ್ಯೂಯಿನ್ ಅದನ್ನು ಕೆಲವೇ ನಿಮಿಷಕ್ಕೆ ದಾಟುತ್ತದೆ, ತೊಯ್ದ ಕೂಡಲೇ ಬಿಸಾಕು. ಕೈಗಂಟಿದ ಇಂಕನ್ನು ಥಿನ್ನರಿನಿಂದ ತೊಳೆಯಬೇಡ, ಪೆಟ್ರೋಲಿನಿಂದಂತೂ ಬೇಡವೇ ಬೇಡ: ಅದರಲ್ಲಿ ಬೆಂಜೀನ್ ಇದೆ, ರಕ್ತದ ಕ್ಯಾನ್ಸರ್ ತರುತ್ತದೆ. ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚು.

ಹೆದರಿಸುತ್ತೇನೆ ಅನ್ನಬೇಡ. ಜಪಾನಿನ ಒಸಾಕಾದ ಒಂದು ಮುದ್ರಣಾಲಯದಲ್ಲಿ, ಗಾಳಿಯಾಡದ ಕೋಣೆಯಲ್ಲಿ ಹೀಗೇ ಬ್ಲಾಂಕೆಟ್ ಒರೆಸುತ್ತಿದ್ದ ಹುಡುಗರಿಗೆ ಪಿತ್ತನಾಳದ ಕ್ಯಾನ್ಸರ್ ಬಂತು. ಹೆಚ್ಚಾಗಿ ಮುದುಕರಿಗೆ ಬರುವ ರೋಗ ಅದು. ಅವರು ಒರೆಸಲು ಬಳಸಿದ 1,2-ಡೈಕ್ಲೋರೋಪ್ರೊಪೇನ್ ಎಂಬ ದ್ರವ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಒಪ್ಪಿತು. ಅವರಿಗೂ ವಾಸನೆ ರೂಢಿಯಾಗಿತ್ತೇನೋ. ಇದೇ ಮಾತಿಗೆ ಮತ್ತೆ ಮತ್ತೆ ಬರುತ್ತಿದ್ದೇನೆ, ಸಿಟ್ಟಾಗಬೇಡ.

ಪಾದ, ಬೆರಳ ತುದಿ ಜೋಮು ಹಿಡಿದರೆ ಥಿನ್ನರಿನಲ್ಲಿ ಹೆಕ್ಸೇನ್ ಎಂಬ ನರ ಕೆಡಿಸುವ ರಾಸಾಯನಿಕ ಇರಬಹುದು, ಡಾಕ್ಟರಿಗೆ ಪ್ರೆಸ್ಸಿನ ಕೆಲಸ ಎಂದು ನೀನೇ ಹೇಳು, ಅವರು ಕೇಳದಿದ್ದರೂ. ಟಾಲ್ಯೂಯಿನ್‌ಗೆ ಮೂತ್ರದ ಹಿಪ್ಯೂರಿಕ್ ಆಮ್ಲ (ಮೈಗೆ ಸೇರಿದ ಟಾಲ್ಯೂಯಿನ್ ಹಾಗೆ ಬದಲಾಗಿ ಹೊರಬರುತ್ತದೆ) ಪರೀಕ್ಷೆ ಬರೆದರೆ ಪಾಳಿ ಮುಗಿದ ಕೂಡಲೇ ಕೊಡು. ಹಿಂದಿನ ದಿನದಿಂದ ಕೂಲ್‌ಡ್ರಿಂಕ್ಸು, ಅಂಗಡಿ ಉಪ್ಪಿನಕಾಯಿ ಬೇಡ, ಅವು ಕೆಡದಂತೆ ಹಾಕುವ ಬೆಂಜೋಯೇಟ್‌ನಿಂದಲೂ ಲೆಕ್ಕ ಏರುತ್ತದೆ.

ನಾಳೆ ಥಿನ್ನರ್ ಡಬ್ಬಿಯ ಲೇಬಲ್ ಫೋಟೊ ಕಳಿಸು. ಲೇಬಲ್ಲಿಲ್ಲದ ನೀರಿನ ಬಾಟಲಿಯಲ್ಲಿ ತುಂಬಿಟ್ಟಿದ್ದರೆ ಅದನ್ನು ಮುಟ್ಟಬೇಡ, ನನಗೆ ಫೋನ್ ಮಾಡು. ಈ ಸಲ ದನಿ ಏರಿಸುವುದಿಲ್ಲ.

ನಿನ್ನ ಅಪ್ಪಾಜಿ