ಮಕ್ಕಳ ನಿದ್ದೆಯ ಲೆಕ್ಕ ಇಡುವವರು ಯಾರು?

ಮಾನ್ಯ ಸಂಪಾದಕರೇ,

ನಮ್ಮ ಮನೆ ತೀರ್ಥಹಳ್ಳಿ ಪೇಟೆಯಿಂದ ಒಂದಷ್ಟು ದೂರ, ಅಡಿಕೆ ತೋಟದ ಅಂಚಿನಲ್ಲಿದೆ. ಮಳೆಗಾಲದಲ್ಲಿ ಬೆಳಗ್ಗೆ ಆರೂವರೆಗೆ ಜಗುಲಿಗೆ ಬಂದು ನಿಂತರೆ, ದಣಪೆ ದಾಟಿ ರಸ್ತೆಯತ್ತ ಹೊರಟ ಅಕ್ಕಪಕ್ಕದ ಮನೆಗಳ ಮಕ್ಕಳು ಕಾಣುತ್ತಾರೆ. ಬೆನ್ನಿಗೆ ಚೀಲ ಹಾಕಿ, ಮೇಲೆ ರೇನ್‌ಕೋಟು ತೊಟ್ಟು, ಏಳು ಗಂಟೆಗೆ ಕ್ರಾಸಿಗೆ ಬರುವ ಶಾಲಾ ವ್ಯಾನಿಗಾಗಿ ಅರೆನಿದ್ದೆಯಲ್ಲೇ ಹೆಜ್ಜೆ ಹಾಕುವ ಆ ಮುಖಗಳನ್ನು ನೋಡಿದಾಗಲೆಲ್ಲ ಇದನ್ನು ಬರೆಯಬೇಕು ಅನ್ನಿಸುತ್ತಿತ್ತು. ಮಕ್ಕಳ ಊಟ, ಓದು, ಅಂಕ, ನಡತೆ ಇವುಗಳ ಬಗ್ಗೆ ನಾವು ದಿನವಿಡೀ ಮಾತನಾಡುತ್ತೇವೆ. ರಾತ್ರಿ ಎಷ್ಟು ತಾಸು ಮಲಗಿದೆ ಎಂದು ಮಕ್ಕಳನ್ನು ಕೇಳುವ ತಂದೆತಾಯಿ ನನ್ನ ಕಣ್ಣಿಗೆ ಬಿದ್ದಿದ್ದು ಬಹಳ ಕಡಿಮೆ.

ನಾನು ಪ್ರೌಢಶಾಲೆಯಲ್ಲಿ ಮೂರು ದಶಕ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಎಷ್ಟು ನಿದ್ದೆ ಬೇಕು ಎಂಬುದಕ್ಕೆ ತಜ್ಞರು ಕೊಟ್ಟ ಲೆಕ್ಕ ಸ್ಪಷ್ಟವಾಗಿದೆ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು, 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಈ ಅಂಕಿಗಳನ್ನು ನಮ್ಮ ಮನೆಯ ಗಡಿಯಾರದ ಪಕ್ಕದಲ್ಲಿಟ್ಟು ನೋಡೋಣ. ಏಳು ಗಂಟೆಯ ವ್ಯಾನು ಹಿಡಿಯಲು ಐದೂವರೆಗೆ ಏಳುವ ಐದನೇ ತರಗತಿಯ ಮಗು ಒಂಬತ್ತು ತಾಸು ಮಲಗಬೇಕಾದರೆ ರಾತ್ರಿ ಎಂಟೂವರೆಗೆ ಕಣ್ಣು ಮುಚ್ಚಿರಬೇಕು. ಆ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಊಟಕ್ಕೆ ತಟ್ಟೆಯನ್ನೇ ಇಟ್ಟಿರುವುದಿಲ್ಲ. ಹೋಂವರ್ಕ್ ಮುಗಿದು, ಊಟವಾಗಿ, ದೊಡ್ಡವರ ಧಾರಾವಾಹಿಯೂ ಮುಗಿದು ದೀಪ ಆರುವಾಗ ಹತ್ತೂವರೆ, ಹನ್ನೊಂದು ಆಗಿರುತ್ತದೆ. ಅಂದರೆ ದಿನಕ್ಕೆ ಎರಡು, ಎರಡೂವರೆ ತಾಸಿನ ಸಾಲ. ಶನಿವಾರ, ಭಾನುವಾರ ತಡವಾಗಿ ಏಳಿಸಿದರೆ ತೀರುವ ಸಾಲ ಇದಲ್ಲ.

ನಿದ್ದೆಯೆಂದರೆ ದೇಹ ಸುಮ್ಮನೆ ಬಿದ್ದಿರುವ ಹೊತ್ತು ಎಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ನೆನಪಾಗಿ ಕೂಡಿಡುವ ಕೆಲಸದಲ್ಲಿ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯ ಹೊತ್ತಿನಲ್ಲಿ. ನಿದ್ದೆಗೆಟ್ಟ ಮಗುವಿಗೆ ಮೊದಲು ಕೈತಪ್ಪುವುದು ಗಮನ ಮತ್ತು ಸಹನೆ. ಸಣ್ಣ ಮಾತಿಗೆ ಅಳುವ, ತಂಗಿಯ ಮೇಲೆ ಕೈ ಎತ್ತುವ, ಓದಿದ್ದು ತಲೆಗೆ ಹತ್ತುವುದಿಲ್ಲ ಎನ್ನುವ ಮಗುವಿಗೆ ನಾವು ಹಟಮಾರಿ ಎಂದೋ ದಡ್ಡ ಎಂದೋ ಹೆಸರಿಡುತ್ತೇವೆ. ಒಂದು ವಾರ ಬೇಗ ಮಲಗಿಸಿ ನೋಡಿದ ಮೇಲೆ ಅಂಥ ಹೆಸರಿಡಲು ಮನಸ್ಸು ಬರಲಾರದು.

ಹದಿಹರೆಯದವರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ, ಇದನ್ನು ತಂದೆತಾಯಂದಿರು ಅವಶ್ಯ ತಿಳಿಯಬೇಕು. ದೊಡ್ಡವರಾಗುವ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆಯನ್ನು ಕರೆತರುವ ಮೆಲಟೋನಿನ್ ಎಂಬ ಹಾರ್ಮೋನು ಅವರಲ್ಲಿ ರಾತ್ರಿ ತಡವಾಗಿ ಏರತೊಡಗುತ್ತದೆ, ಬೆಳಗ್ಗೆ ತಡವಾಗಿ ಇಳಿಯುತ್ತದೆ. ಒಂಬತ್ತನೆಯ ತರಗತಿಯ ಹುಡುಗ ಬೆಳಗ್ಗೆ ಹಾಸಿಗೆ ಬಿಟ್ಟು ಏಳಲಾರದೆ ಒದ್ದಾಡುವುದಕ್ಕೆ ಸೋಮಾರಿತನವೇ ಕಾರಣವಾಗಿರಬೇಕಿಲ್ಲ. ಜೀವಿಗಳ ಒಳಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಕೊಂಡ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಪ್ರೌಢಶಾಲೆಗಳು ಬೆಳಗ್ಗೆ ಎಂಟೂವರೆಗಿಂತ ಮೊದಲು ಆರಂಭವಾಗಬಾರದೆಂದು 2019ರಲ್ಲಿ ಕಾನೂನು ಮಾಡಿ, 2022ರಿಂದ ಜಾರಿಗೆ ತಂದಿತು. ದಾರಿಯಲ್ಲೇ ಒಂದೂವರೆ ತಾಸು ಕಳೆಯುವ ಮಲೆನಾಡಿನ ಮಕ್ಕಳಿಗೆ ಅಂಥ ಕಾನೂನು ಬಂದರೂ ಎಷ್ಟು ಸಹಾಯವಾದೀತೋ ಹೇಳಲಾರೆ. ನಮ್ಮಲ್ಲಿ ಶಾಲೆ ಹತ್ತಕ್ಕಿದ್ದರೂ ಬಸ್ಸು ಏಳೂವರೆಯದ್ದೊಂದೇ ಇರುವ ಊರುಗಳಿವೆ. ಹಾಗಾಗಿ ನಾವು ಸರಿಪಡಿಸಲು ಸಾಧ್ಯವಿರುವುದು ರಾತ್ರಿಯ ತುದಿಯನ್ನೇ.

ಈ ಮಾತು ಹೇಳುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಹೆಚ್ಚಿಸಬೇಕೆಂಬ ಉತ್ಸಾಹದಲ್ಲಿ, ಪರೀಕ್ಷೆಗೆ ಮೂರು ತಿಂಗಳಿರುವಾಗಿನಿಂದ ನಾವು ಶಿಕ್ಷಕರು ವಿದ್ಯಾರ್ಥಿಗಳನ್ನು ಹಂಚಿಕೊಂಡು, ಬೆಳಗಿನ ಜಾವ ನಾಲ್ಕೂವರೆಗೆ ಅವರ ಮನೆಗಳಿಗೆ ಫೋನ್ ಮಾಡಿ ಓದಲು ಎಬ್ಬಿಸುತ್ತಿದ್ದೆವು. ನನ್ನ ಪಾಲಿಗೆ ಹನ್ನೆರಡು ಮಕ್ಕಳು. ಒಂದು ದಿನ ಒಬ್ಬ ಹುಡುಗಿಯ ತಾಯಿ ಫೋನ್ ಎತ್ತಿಕೊಂಡು, ಮಗಳಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ, “ಮಲಗುವಾಗ ಹನ್ನೆರಡು ಹೊಡೆದಿತ್ತು ಟೀಚರೇ, ಎಬ್ಬಿಸ್ಲಾ?” ಎಂದರು. ಅಡಿಕೆ ಸುಲಿಯುವ ಕಾಲವದು. ಆ ಮನೆಯಲ್ಲಿ ಎಲ್ಲರೂ ಮೆಟ್ಟುಗತ್ತಿ ಹಿಡಿದು ಕೂತು, ಹುಡುಗಿ ಅದೇ ಬೆಳಕಿನಲ್ಲಿ ಪುಸ್ತಕ ಹಿಡಿದಿದ್ದಳಂತೆ. ನಾನು “ಎಬ್ಬಿಸಿ” ಎಂದೆ. ಅವತ್ತು ಮಧ್ಯಾಹ್ನ ನನ್ನದೇ ಪೀರಿಯಡ್ಡಿನಲ್ಲಿ ಅವಳು ತೂಕಡಿಸಿದಳು, ನಾನು ನಿಲ್ಲಿಸಿ ಬೈದೆ. ನರಮಂಡಲದ ಪಾಠ ಮಾಡುತ್ತಿದ್ದವಳಿಗೆ, ನಾಲ್ಕೂವರೆ ತಾಸು ಮಲಗಿದ ಮಗುವಿನ ನರಗಳ ಸ್ಥಿತಿ ಹೊಳೆಯಲಿಲ್ಲ. ಆ ತಾಯಿಯ ಪ್ರಶ್ನೆಯಲ್ಲಿ ನನ್ನ ಪದವಿಗಿಂತ ಹೆಚ್ಚಿನ ತಿಳಿವಳಿಕೆ ಇತ್ತು ಎಂದು ನನಗೆ ಅರ್ಥವಾಗಲು ಹಲವು ವರ್ಷಗಳೇ ಬೇಕಾದವು.

ಬೆಳಗಿನ ಜಾವ ಓದಿದ್ದು ಮರೆಯುವುದಿಲ್ಲ ಎಂಬ ಹಿರಿಯರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ಆ ಮಾತು ಹೇಳಿದ ಕಾಲದಲ್ಲಿ ಏಳು ಗಂಟೆಗೆ ಊಟ ಮುಗಿದು, ಎಂಟೂವರೆಗೆ ಚಿಮಣಿ ದೀಪ ಆರುತ್ತಿತ್ತು. ನಾಲ್ಕೂವರೆಗೆ ಎದ್ದ ಮಗು ಎಂಟು ತಾಸು ಮಲಗಿಯೇ ಎದ್ದಿರುತ್ತಿತ್ತು. ನಾವು ಏಳುವ ಹೊತ್ತನ್ನು ಮಾತ್ರ ಉಳಿಸಿಕೊಂಡು ಮಲಗುವ ಹೊತ್ತನ್ನು ಕೈಬಿಟ್ಟಿದ್ದೇವೆ. ಚಿಕ್ಕವರಿದ್ದಾಗ ರಾತ್ರಿಯಿಡೀ ಯಕ್ಷಗಾನ ನೋಡುತ್ತಿದ್ದೆವಲ್ಲ, ನಮಗೇನಾಯಿತು ಎಂದು ನನ್ನ ಓರಗೆಯವರು ಕೇಳುತ್ತಾರೆ. ಮೇಳ ನಮ್ಮೂರಿಗೆ ಬರುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಮರುದಿನ ಮಧ್ಯಾಹ್ನದವರೆಗೆ ನಮ್ಮನ್ನು ಯಾರೂ ಎಬ್ಬಿಸುತ್ತಲೂ ಇರಲಿಲ್ಲ. ಈಗಿನದು ದಿನಾ ರಾತ್ರಿ ನಡೆಯುವ ಆಟ, ಅದೂ ಅಂಗೈಯಲ್ಲಿ.

ಕಳೆದ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ನಮ್ಮ ಲೈನಿನ ಕಂಬಗಳು ಮುರಿದವು. ಐದು ದಿನ ಕರೆಂಟು ಇರಲಿಲ್ಲ. ಎಂಟನೇ ತರಗತಿಯಲ್ಲಿರುವ ನನ್ನ ಮೊಮ್ಮಗ ಮೊದಲ ದಿನ ಮೊಬೈಲಿನ ಚಾರ್ಜ್ ಮುಗಿಯಿತೆಂದು ಮುಖ ಊದಿಸಿಕೊಂಡಿದ್ದ. ಎರಡನೆಯ ರಾತ್ರಿ ಒಲೆಯ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿಂದು, ಅವನ ಅಪ್ಪನ ಬಾಲ್ಯದ ಕಥೆ ಕೇಳುತ್ತ ಒಂಬತ್ತಕ್ಕೆಲ್ಲ ನನ್ನ ಪಕ್ಕದಲ್ಲೇ ನಿದ್ದೆಹೋದ. ನಾಲ್ಕನೆಯ ಬೆಳಗ್ಗೆ ಯಾರೂ ಎಬ್ಬಿಸದೆ ಆರಕ್ಕೆ ಎದ್ದು, ಹಂಡೆಯ ಒಲೆಗೆ ಸೌದೆ ಒಟ್ಟಿ, ತಾನೇ ನೀರು ಕಾಯಿಸಿಕೊಂಡ. ದಿನಾ ಬೆಳಗ್ಗೆ ಅವನನ್ನು ಎಬ್ಬಿಸುವ ಹೊತ್ತಿಗೆ ನಮ್ಮ ಮನೆಯಲ್ಲಿ ನಡೆಯುವ ಕೂಗಾಟ ಆ ಮೂರು ದಿನ ಇರಲಿಲ್ಲ. ಆರನೆಯ ದಿನ ಕರೆಂಟು ಬಂತು, ಕೂಗಾಟವೂ ಬಂತು. ಹುಡುಗ ಅವನೇ, ಮನೆಯೂ ಅದೇ. ಬದಲಾದದ್ದು ಅವನು ಮಲಗುವ ಹೊತ್ತು ಒಂದೇ.

ಇದನ್ನು ನೋಡಿದ ಮೇಲೆ ನನ್ನ ಮಗ ರಾತ್ರಿ ಒಂಬತ್ತಕ್ಕೆ ಮೊಬೈಲ್ ಇಡಬೇಕೆಂದು ಅವನಿಗೆ ಕಟ್ಟಪ್ಪಣೆ ಮಾಡಿದ. ಹುಡುಗ ಎದುರು ಮಾತನಾಡಲಿಲ್ಲ, ನನ್ನ ಬಳಿ ಬಂದು, “ಅಜ್ಜಿ, ಅಪ್ಪ ಹಾಸಿಗೇಲಿ ಮಲಗಿ ಹನ್ನೊಂದರ ತನಕ ನೋಡ್ತಾರೆ. ನಂಗೆ ಗೋಡೆ ಮೇಲೆ ಬೆಳಕು ಕಾಣ್ತದೆ” ಎಂದ. ಇದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಈಗ ನಮ್ಮ ಮನೆಯಲ್ಲಿ ಒಂಬತ್ತು ಗಂಟೆಗೆ ಎಲ್ಲರ ಮೊಬೈಲೂ, ನನ್ನದೂ ಸೇರಿ, ಜಗುಲಿಯ ಗೂಡಿಗೆ ಹೋಗುತ್ತವೆ. ರಿಂಗು ದೊಡ್ಡದಾಗಿ ಇಟ್ಟಿರುವುದರಿಂದ ತುರ್ತು ಕರೆ ಬಂದರೆ ಕೇಳುತ್ತದೆ. ಏಳಲು ಅಲಾರಂ ಬೇಕೆಂಬ ನೆಪ ತಪ್ಪಿಸಲು ಇನ್ನೂರು ಚಿಲ್ಲರೆ ರೂಪಾಯಿ ಕೊಟ್ಟು ಟೈಂಪೀಸ್ ತಂದಿದ್ದೇವೆ. ಮೊದಲ ಹತ್ತು ದಿನ ಬಹಳ ಕಷ್ಟಪಟ್ಟವನು ಮೊಮ್ಮಗನಲ್ಲ, ನನ್ನ ಮಗ. ಈಗಲೂ ಕೆಲವು ದಿನ ತಪ್ಪುತ್ತದೆ. ತಪ್ಪಿದ ದಿನ ಅದನ್ನು ಮೊದಲು ಗಮನಿಸಿ ಹೇಳುವವನು ಆ ಹುಡುಗನೇ, ಮತ್ತು ದೊಡ್ಡವರು ಹಾಗೆ ಹೇಳಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ ಎಂದು ನಾನು ನಂಬುತ್ತೇನೆ.

ಕಾಫಿಯ ವಿಷಯವನ್ನು ನಮ್ಮ ಭಾಗದಲ್ಲಿ ಹೇಳದಿದ್ದರೆ ಆಗದು. ಓದಲು ಕುಳಿತ ಮಗುವಿಗೆ ಸಂಜೆ ಆರಕ್ಕೋ ಏಳಕ್ಕೋ ಒಂದು ಲೋಟ ಕಾಫಿ ಮಾಡಿ ಕೊಡುವುದು ನಮ್ಮಲ್ಲಿ ಅಕ್ಕರೆಯ ಲಕ್ಷಣ. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ತಾಸಿನ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ಆರು ಗಂಟೆಯ ಕಾಫಿ ಹನ್ನೊಂದಕ್ಕೂ ಕೆಲಸ ಮಾಡುತ್ತಿರುತ್ತದೆ. ಬದಲಿಗೆ ಬಿಸಿ ಹಾಲೋ ಕಷಾಯವೋ ಕೊಡಬಹುದು. ಬೇಗ ಮಲಗಿಸಿದರೂ ದಿನಾ ಜೋರಾಗಿ ಗೊರಕೆ ಹೊಡೆಯುವ, ಬಾಯಿ ತೆರೆದು ಉಸಿರಾಡುವ ಮಕ್ಕಳನ್ನು ವೈದ್ಯರಿಗೆ ತೋರಿಸಬೇಕು, ಟಾನ್ಸಿಲ್ ಅಥವಾ ಮೂಗಿನ ಹಿಂದಿರುವ ಅಡೆನಾಯ್ಡ್ ಊದಿಕೊಂಡು ಉಸಿರಿಗೆ ಅಡ್ಡಿಯಾಗುತ್ತಿರಬಹುದು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ಹದಿನೈದು ವರ್ಷದ ಮಗು ಹಾಸಿಗೆಯಲ್ಲಿ ಹೊರಳಾಡುತ್ತಿದ್ದರೆ ಅದಕ್ಕೆ ಯಾವ ಚಿಂತೆ ಎಂದು ಪಕ್ಕದಲ್ಲಿ ಕೂತು ಕೇಳುವವರು ಬೇಕು. ಮನೆಯವರಲ್ಲಿ ಹೇಳಿಕೊಳ್ಳಲಾಗದಿದ್ದರೆ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಶಾಲೆಗಳಲ್ಲಿ ನನ್ನದೊಂದು ವಿನಂತಿ. ಮಾರನೆಯ ದಿನದ ಹೋಂವರ್ಕ್, ಪ್ರಾಜೆಕ್ಟ್ ಸೂಚನೆಗಳನ್ನು ರಾತ್ರಿ ಒಂಬತ್ತು, ಹತ್ತಕ್ಕೆ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಪದ್ಧತಿ ಕೋವಿಡ್ ಕಾಲದಲ್ಲಿ ಅನಿವಾರ್ಯವಾಗಿ ಬಂದದ್ದು, ಈಗಲೂ ಹಾಗೇ ಉಳಿದಿದೆ. ಸಂಜೆ ಆರರ ನಂತರ ಏನನ್ನೂ ಹಾಕುವುದಿಲ್ಲ ಎಂದು ಶಿಕ್ಷಕರು ತಮ್ಮಲ್ಲೇ ತೀರ್ಮಾನಿಸಿಕೊಂಡರೆ ಸಾಕು, ಇದಕ್ಕೆ ಮೇಲಿನವರ ಸುತ್ತೋಲೆ ಬೇಕಿಲ್ಲ. ಬೆಳಗಿನ ಜಾವದ ಫೋನನ್ನು ನಿಲ್ಲಿಸಿ, ಬದಲಿಗೆ ರಾತ್ರಿ ಒಂಬತ್ತೂವರೆಗೆ “ಪುಸ್ತಕ ಮುಚ್ಚಿ ಮಲಗು” ಎಂದು ಹೇಳಲು ಕರೆಮಾಡಿ ಎಂದು ನನ್ನ ಕಿರಿಯ ಸಹೋದ್ಯೋಗಿಗಳನ್ನು ಕೈಮುಗಿದು ಕೇಳುತ್ತೇನೆ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದ ಮೇಲಂತೂ, ಒಂದೇ ಪರೀಕ್ಷೆಗೆ ಬದುಕನ್ನು ಪಣವಿಟ್ಟಂತೆ ಮಕ್ಕಳನ್ನು ಹೆದರಿಸುವುದಕ್ಕೆ ಕಾರಣವೇ ಉಳಿದಿಲ್ಲ.

ಆಡಳಿತದಲ್ಲಿ ಕೇಳಿಕೊಳ್ಳುವುದು ಮಳೆ ರಜೆಯ ವಿಷಯ. ಜುಲೈ, ಆಗಸ್ಟ್ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಮಕ್ಕಳು ನಾಳೆ ರಜೆಯೋ ಅಲ್ಲವೋ ಎಂದು ತಿಳಿಯಲು ರಾತ್ರಿ ಬಹಳ ಹೊತ್ತಿನವರೆಗೆ ಮೊಬೈಲ್ ಹಿಡಿದು ಕಾಯುತ್ತಾರೆ. ಹಳೆಯ ವರ್ಷದ ಆದೇಶದ ಚಿತ್ರವನ್ನು ಯಾರೋ ಹರಿಬಿಟ್ಟು ಗೊಂದಲ ಎಬ್ಬಿಸುವುದೂ ಇದೆ. ರಾತ್ರಿ ಹಳ್ಳ ಉಕ್ಕಿ ಕಾಲುಸಂಕ ಮುಳುಗಿದರೆ ಬೆಳಗ್ಗೆಯೇ ರಜೆ ಕೊಡಬೇಕಾಗುತ್ತದೆ, ಅದು ಮಕ್ಕಳ ಜೀವದ ಪ್ರಶ್ನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಮುಂಚಿತವಾಗಿ ಕೊಟ್ಟ ದಿನಗಳಲ್ಲಾದರೂ ಹಿಂದಿನ ಸಂಜೆ ಏಳರೊಳಗೆ ತೀರ್ಮಾನ ಹೊರಬಿದ್ದು, ಅದು ಆಕಾಶವಾಣಿಯಲ್ಲೂ ಗ್ರಾಮ ಪಂಚಾಯಿತಿಯ ಮೂಲಕವೂ ತಿಳಿಯುವಂತಾಗಲಿ. ಆ ಹೊತ್ತು ದಾಟಿದ ಮೇಲೆ ಇನ್ನು ಬೆಳಗ್ಗೆ ಆರಕ್ಕೇ ಮುಂದಿನ ಪ್ರಕಟಣೆ ಎಂದು ಖಚಿತವಾದರೆ, ನಡುವಿನ ರಾತ್ರಿಯನ್ನು ಕಾಯುವುದರಲ್ಲಿ ಕಳೆಯಬೇಕಾದ ಪ್ರಮೇಯ ಮಕ್ಕಳಿಗೆ ಬರುವುದಿಲ್ಲ. ಜೂನ್ ತಿಂಗಳಲ್ಲಿ ಶಾಲೆಗಳ ಪಾಲಕರ ಸಭೆಗಳು ನಡೆಯುವಾಗಲೇ ಈ ಎರಡು ಹೊತ್ತುಗಳನ್ನು ತಿಳಿಸಿಬಿಟ್ಟರೆ, ಮಳೆ ಹಿಡಿಯುವ ಮೊದಲೇ ಮನೆಗಳಲ್ಲಿ ಮಲಗುವ ಹೊತ್ತು ಗೊತ್ತುಮಾಡಿಕೊಳ್ಳಲು ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ