ಮಗಳಿಗೊಂದು ಪತ್ರ: ಮೊದಲ ಬೈಕ್ ಹಗುರ ಇರಲಿ

ಪ್ರೀತಿಯ ಅವ್ವಿ,

ನೀನು ಬೈಕ್ ಮಾತು ತೆಗೆದಾಗಿನಿಂದ ಮನೆಯಲ್ಲಿ ಎಲ್ಲರೂ ಸ್ಕೂಟಿ ಸಾಕಲ್ವಾ ಅನ್ನುತ್ತಿದ್ದಾರೆ. ನಾನು ಹಾಗೆ ಅನ್ನುವುದಿಲ್ಲ. ದಿನಾ ಕಲಬುರಗಿಯಿಂದ ಆಳಂದ ರಸ್ತೆ ಹಿಡಿದು ಹಳ್ಳಿ ಹಳ್ಳಿ ತಿರುಗುವ ಕೆಲಸ ನಿನ್ನದು. ಒಳದಾರಿಯ ತಗ್ಗಿನಲ್ಲಿ ಸ್ಕೂಟಿಯ 10–12 ಇಂಚಿನ ಚಕ್ರ ಇಳಿದೇಬಿಡುತ್ತದೆ, ಬೈಕಿನ 17–18 ಇಂಚಿನ ಚಕ್ರ ಅದನ್ನೇ ಆರಾಮಾಗಿ ದಾಟುತ್ತದೆ. ಬೈಕೇ ತಗೋ. ನನ್ನ ತಕರಾರು ನೀನು ಫೋಟೋ ಕಳಿಸಿದ ಆ 350 ಸಿಸಿ ಗಾಡಿ ಬಗ್ಗೆ.

ಆ ಗಾಡಿ, ಅಂದರೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ತೂಕ 195 ಕೆಜಿ. ಹೀರೋ ಸ್ಪ್ಲೆಂಡರ್ ಪ್ಲಸ್ 112. ಹೋಂಡಾ ಶೈನ್ 100 ಇನ್ನೂ ಹಗುರ, 99 ಕೆಜಿ. ಓಡುವಾಗ ಈ ತೂಕ ಗೊತ್ತಾಗುವುದಿಲ್ಲ, ಅದಕ್ಕೇ ಗೆಳತಿಯರು ‘ಏನಾಗಲ್ಲ, ತಗೋ’ ಅನ್ನುತ್ತಾರೆ. ಗೊತ್ತಾಗುವುದು ನಿಲ್ಲಿಸುವಾಗ, ತಿರುಗಿಸುವಾಗ, ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಯ ಗದ್ದಲದಲ್ಲಿ ಆಟೋ ಅಡ್ಡ ಬಂದು ನೀನು ಗಕ್ಕನೆ ಬ್ರೇಕ್ ಹಾಕಿ ಒಂದೇ ಕಾಲು ಊರಿದಾಗ. ಹಗುರ ಗಾಡಿ ವಾಲಿದರೆ ತೊಡೆ ಒತ್ತಿ ತಡೆಯಬಹುದು. ಆ ದೊಡ್ಡ ಗಾಡಿ ಒಂದು ಹದ ಮೀರಿ ವಾಲಿತೆಂದರೆ ಗಟ್ಟಿ ಗಂಡಾಳಿಗೂ ತಡೆಯಲಾಗುವುದಿಲ್ಲ. ಹೆಣ್ಣುಮಗಳು ಅಂತ ಹೇಳುತ್ತಿಲ್ಲ ನಾನು, ನಿನ್ನ ತಮ್ಮ ಕೇಳಿದರೂ ಇದೇ ಮಾತು. ಹೊಸದಾಗಿ ಕಲಿಯುವಾಗ ಕ್ಲಚ್ಚು, ಗೇರು, ಕನ್ನಡಿ, ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರ್ ಇಷ್ಟರಲ್ಲೇ ತಲೆ ತುಂಬಿರುತ್ತದೆ. ಗಾಡಿ ಬೀಳದ ಹಾಗೆ ಹಿಡಿಯುವ ಚಿಂತೆಯೂ ಜೊತೆಗೆ ಯಾಕೆ?

ಮಳೆಗಾಲ ನೆನೆಸಿಕೋ. ತೊಗರಿ ಹೊಲದ ದಾರಿಗೆ ಇಳಿದರೆ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಇಳಿದು, ಕಡ್ಡಿ ಹುಡುಕಿ, ಕೂತು ಮಣ್ಣು ಕೆದರಿ ತೆಗೆದು, ನಾಲ್ಕು ಹೆಜ್ಜೆ ದಬ್ಬಿ, ಮತ್ತೆ ಮೆತ್ತಿಕೊಂಡಿದ್ದನ್ನು ಮತ್ತೆ ಕೆದರಿ, ಹೀಗೇ ಡಾಂಬರಿನ ತನಕ ಬರಬೇಕು. ಆ ಹೊತ್ತಲ್ಲಿ ಅಕ್ಕಪಕ್ಕ ಯಾರೂ ಇರುವುದಿಲ್ಲ.

ಪವರ್ ಕಮ್ಮಿ ಅನ್ನುತ್ತೀಯ. ಹೌದು, ಸ್ಪ್ಲೆಂಡರ್‌ಗೆ ಸುಮಾರು 8 ಹಾರ್ಸ್‌ಪವರ್, ಕ್ಲಾಸಿಕ್‌ಗೆ 20. ಲಾರಿ ಹಿಂದಿಕ್ಕಲು ನಿನಗೆ ಜಾಸ್ತಿ ಜಾಗ, ಜಾಸ್ತಿ ಹೊತ್ತು ಬೇಕು, ಅದನ್ನು ಲೆಕ್ಕ ಹಾಕಿಯೇ ಮುಂದೆ ಹೋಗು. ಆದರೆ ನಮ್ಮ ಕಡೆ ಘಾಟಿಯಿಲ್ಲ, ಒಬ್ಬಳೇ ಹೋಗುವವಳಿಗೆ ಇದು ಸಾಕಾಗುತ್ತದೆ. ಸಾಲದು ಅನಿಸಿದರೆ 125 ಸಿಸಿ ನೋಡು, ಶೈನ್ 125 ಕೂಡ ಭಾರವಲ್ಲ. ಕುತ್ತಿಗೆ ಬಗ್ಗಿಸಿ ಮುಂದಕ್ಕೆ ಒರಗಿ ಕೂರುವ ಸ್ಪೋರ್ಟ್ಸ್ ಗಾಡಿ ಮಾತ್ರ ಬೇಡ. ಬೆನ್ನು ನೆಟ್ಟಗೆ, ಮೊಣಕೈ ಸಡಿಲ, ಕಾಲು ಸೀದಾ ಕೆಳಗೆ ಇದ್ದರೆ ದೂರದ ರಸ್ತೆಯೂ ಕಾಣುತ್ತದೆ, ಸಂಜೆಗೆ ಸೊಂಟವೂ ಹಿಡಿಯುವುದಿಲ್ಲ. ಇನ್ನೊಂದು, ನೀನು ಓಢಣಿ ಹಾಕುತ್ತೀಯ. ಸ್ಪ್ಲೆಂಡರ್ ಥರದ ಗಾಡಿಗಳಿಗೆ ಚೈನ್ ಪೂರ್ತಿ ಮುಚ್ಚುವ ಕವರ್ ಇರುತ್ತದೆ, ಬಟ್ಟೆ ಸಿಕ್ಕಿಕೊಳ್ಳುವುದಿಲ್ಲ, ಧೂಳೂ ಹೋಗುವುದಿಲ್ಲ. ಹಾಗಂತ ಓಢಣಿ ಗಾಳಿಗೆ ಬಿಡಬೇಡ, ಸೊಂಟಕ್ಕೆ ಬಿಗಿದು ಕಟ್ಟು.

ಶೋರೂಮಿಗೆ ಹೋದಾಗ ಸುಮ್ನೆ ಕೂತು ಫೋಟೋ ತೆಗೆಸಿಕೊಂಡು ಬರಬೇಡ. ದಿನಾ ಹಾಕುವ ಚಪ್ಪಲಿ ಅಲ್ಲ, ಶೂ ಹಾಕಿಕೊಂಡು ಹೋಗು. ಕೂತಾಗ ಎರಡೂ ಪಾದ ಊರುತ್ತವಾ ನೋಡು. ಸೀಟಿನ ಎತ್ತರ ಕಾಗದದ ಮೇಲೆ ಸ್ಪ್ಲೆಂಡರ್‌ಗೆ 785 ಮಿಮೀ, ಕ್ಲಾಸಿಕ್‌ಗೆ 805, ಆದರೆ ಸೀಟು ಅಗಲ ಇದ್ದರೆ ಕಾಲು ಅಲ್ಲೇ ಗಿಡ್ಡ ಆಗುತ್ತದೆ, ಅದನ್ನು ಕೂತೇ ತಿಳಿಯಬೇಕು. ಇಳಿದು ಹ್ಯಾಂಡಲ್ ಹಿಡಿದು ಹಿಂದಕ್ಕೆ ನಡೆಸು. ಡಬಲ್ ಸ್ಟ್ಯಾಂಡ್ ನೀನೇ ಹಾಕು, ಅಂಗಡಿ ಹುಡುಗನ ಕೈಗೆ ಬಿಡಬೇಡ. ಕ್ಲಚ್ ಲಿವರ್ ಬೆರಳಿಗೆ ಸಿಗುತ್ತದಾ, ಹಿಡಿದೇ ಇದ್ದರೆ ಕೈ ನೋಯುತ್ತದಾ ನೋಡು. ಸ್ಪ್ಲೆಂಡರ್, ಶೈನ್ ಎರಡೂ ಒಗ್ಗಿದರೆ ನನ್ನ ಓಟು ಸ್ಪ್ಲೆಂಡರ್‌ಗೆ, ಯಾಕಂದರೆ ಪಂಕ್ಚರ್ ಅಂಗಡಿ ಇರುವ ಯಾವ ಊರಲ್ಲೂ ಅದನ್ನು ಬಿಚ್ಚಿ ಜೋಡಿಸುವವರು ಸಿಗುತ್ತಾರೆ.

ಗೇರಿಲ್ಲದ ಗಾಡಿಯ ನಿನ್ನ ಲೈಸೆನ್ಸ್ ಬೈಕಿಗೆ ನಡೆಯುವುದಿಲ್ಲ. ಗೇರ್ ಗಾಡಿಗೆ ಬೇರೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸು, 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು. ಆ ತಿಂಗಳು ರವಿವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಎಕ್ಸಲರೇಟರ್ ಮುಟ್ಟದೆ ಬರೀ ಕ್ಲಚ್ ಬಿಟ್ಟು ಒಂದನೇ ಗೇರಿನಲ್ಲಿ ಗಾಡಿ ತೆವಳಿಸು. ಸಣ್ಣ ಗಾಡಿ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಎರಡೂ ಬ್ರೇಕ್ ಒಟ್ಟಿಗೆ ಒತ್ತುವುದನ್ನು ರೂಢಿ ಮಾಡಿಕೋ. ಉಸುಕು ಬಿದ್ದ ಕಡೆ, ಅದೂ ತಿರುವಿನಲ್ಲಿ, ಮುಂದಿನ ಬ್ರೇಕ್ ಜಗ್ಗಿದರೆ ಗಾಡಿ ಜಾರುತ್ತದೆ.

ಹಬ್ಬಕ್ಕೆ ಶಹಾಪುರಕ್ಕೆ ಈ ಸಲ ಬಸ್ಸಿನಲ್ಲೇ ಬಾ. ಜೇವರ್ಗಿ ಹಾದಿ, ಭೀಮಾ ಸೇತುವೆ ಮೇಲಿನ ಗಾಳಿ, ಲಾರಿ ಸಾಲು, ಇವೆಲ್ಲ ಕೈ ಕೂತ ಮೇಲೆ ನೋಡೋಣ. ಐಎಸ್ಐ ಗುರುತಿನ ಪೂರ್ತಿ ಮುಖದ ಹೆಲ್ಮೆಟ್‌ಗೆ ದುಡ್ಡು ನಾನು ಹಾಕುತ್ತೇನೆ. ಅದು ತಲೆಗೆ ಬಿಗಿಯಾಗಿ ಕೂರಬೇಕು, ನೀನೇ ಹಾಕಿ ನೋಡಿ ತಗೋ. ಶನಿವಾರ ಶೋರೂಮಿನಿಂದ ಹೊರಗೆ ಬಂದ ಕೂಡಲೇ ಫೋನ್ ಮಾಡಿ ಪಾದ ಊರಿತಾ ಇಲ್ವಾ ಹೇಳು.

ನಿನ್ನ ಅಪ್ಪ